ಒಬ್ಬರದೇ ಕಂಪನಿಗಳು

ವಾರಿಂಗ್ಟನ್ನಿನ ಒಂದು ಅಡ್ಡಬೀದಿ, ಹಲ್ಲಿನ ಡಾಕ್ಟರ ಮೇಲಂತಸ್ತು.
ಅಲ್ಲಿ ಕೂತು ಲೆಕ್ಕ ಬರೆಯುವವಳು ನಾನು.
ಕೆಳಗೆ ಯಾರದೋ ದವಡೆ ಕೊರೆಯುವಾಗ
ನನ್ನ ಮೇಜಿನ ಚಹಾ ಸಣ್ಣಗೆ ನಡುಗುತ್ತದೆ.
ಅಭ್ಯಾಸವಾಗಿದೆ.

ನನ್ನ ಬೀರುವಿನಲ್ಲಿ ನೂರಾ ಹನ್ನೊಂದು ಕಂಪನಿಗಳಿದ್ದವು.
ಹೌಹಾರಬೇಡಿ. ಒಂದೊಂದರಲ್ಲೂ ಒಬ್ಬೊಬ್ಬರೇ:
ಯಜಮಾನನೂ ಅವನೇ, ಆಳೂ ಅವನೇ,
ತಡವಾಗಿ ಎದ್ದರೆ ಬೈಯುವವನೂ ಬೈಸಿಕೊಳ್ಳುವವನೂ.
ಹೆಸರುಗಳನ್ನು ನೋಡಬೇಕು ನೀವು!
ಮಗಳ ಹೆಸರಿನ ಅರ್ಧ, ಸತ್ತ ನಾಯಿಯ ಹೆಸರು ಪೂರ್ತಿ,
ಮದುವೆಯಾದ ಹೊಸತರಲ್ಲಿ ಹೋಗಿದ್ದ ಕೊಲ್ಲಿ,
ಅದರ ಹಿಂದೊಂದು ಬಾಲ: ಸಿಸ್ಟಮ್ಸ್ ಲಿಮಿಟೆಡ್.

ಈಗ ಅರವತ್ತನಾಲ್ಕು ಉಳಿದಿವೆ.
ಅದರಲ್ಲಿ ನನ್ನದೂ ಒಂದು.

ಆಲ್ವಿನ್ ಥ್ರೆಲ್‌ಫಾಲ್, ಐವತ್ತೆಂಟು.
ಯಾವುದೋ ಬ್ಯಾಂಕಿನ ಹೊಟ್ಟೆಯೊಳಗೆ
ಈಗಲೂ ರಾತ್ರಿ ಎರಡಕ್ಕೆದ್ದು ಬಡ್ಡಿ ಕಟ್ಟುವ ಪ್ರೋಗ್ರಾಂ ಅವನದು.
ಇಪ್ಪತ್ತೆರಡು ವರ್ಷ, ದಿನಕ್ಕಿಷ್ಟು ಪೌಂಡೆಂದು
ತನ್ನನ್ನು ತಾನೇ ತೂಗಿ ಕೊಟ್ಟವನು.
ಐನೂರೈವತ್ತು ಇದ್ದದ್ದು ನಾನೂರೆಪ್ಪತ್ತೈದಾಯಿತು,
ಮುನ್ನೂರ ತೊಂಬತ್ತಾಯಿತು,
ಆಮೇಲೆ ತಕ್ಕಡಿಯನ್ನೇ ಯಾರೋ ಒಳಗೆ ತೆಗೆದಿಟ್ಟರು.

ಏಜೆಂಟ್ ಹುಡುಗ ಫೋನು ಮಾಡುತ್ತಾನೆ:
‘ಸರ್, ಈಗ ಸಿಗ್ತೀರಾ?’
‘ನಾನು ಬರೆದ ಕೋಡಿಗಿಂತ ಚಿಕ್ಕವನು ಕಣಮ್ಮಾ ಅವನು,’
ಅನ್ನುತ್ತಾನೆ ಆಲ್ವಿನ್, ಮುನಿಸಿಲ್ಲದೆ.
ಹುಡುಗ ಬಯೋಡೇಟಾ ಕೇಳುತ್ತಾನೆ, ಮತ್ತೆ ಕೇಳುತ್ತಾನೆ.
ಕ್ಲೈಂಟು ತುದಿಗಾಲಲ್ಲಿ ನಿಂತಿದ್ದಾರಂತೆ.
ಆಮೇಲೆ ಬಾವಿಗೆ ಬಿದ್ದ ಕಲ್ಲು:
ಸದ್ದೂ ಮುಗಿಯಿತು, ಅಲೆಯೂ ಮುಗಿಯಿತು.

ಒಂದೇ ಕೆಲಸಕ್ಕೆ ಏಳು ಏಜೆಂಟರು, ಏಳು ಜಾಹೀರಾತು.
ದೂರದಿಂದ ನೋಡಿದರೆ ಸಂತೆಯೇ ಸಂತೆ,
ಹತ್ತಿರ ಹೋದರೆ ಒಂದೇ ಬುಟ್ಟಿ,
ಅದನ್ನೂ ಬೆಳಿಗ್ಗೆಯೇ ಯಾರೋ ಕೊಂಡೊಯ್ದಿದ್ದಾರೆ.

ಇನ್ನು ತೆರಿಗೆಯವರ ಪ್ರಶ್ನೆ: ನೀನು ಒಳಗಿನವನೋ, ಹೊರಗಿನವನೋ?
ಒಳಗಾದರೆ ನೌಕರನ ತೆರಿಗೆ, ನೌಕರನ ರಜೆ ಮಾತ್ರ ಇಲ್ಲ.
ಹೊರಗಾದರೆ, ಹೊರಗೇ ಇರು ಎನ್ನುತ್ತವೆ ದೊಡ್ಡ ಕಂಪನಿಗಳು.
ಒಳಗೂ ಅಲ್ಲದೆ ಹೊರಗೂ ಅಲ್ಲದೆ
ಹೊಸ್ತಿಲ ಮೇಲೆ ಸಿಕ್ಕವನ ಕಥೆ ಏನಾಯಿತೆಂದು
ಹಳಬರಿಗೆ ಗೊತ್ತು.

ಓಲ್ವೆನ್ ಬೆಬ್ ಕಳೆದ ಮಾರ್ಚಿಯಲ್ಲೇ ಮುಚ್ಚಿದಳು.
ಹತ್ತೊಂಬತ್ತು ವರ್ಷ ಬೇರೆಯವರ ತಪ್ಪು ಹುಡುಕಿದವಳು.
ಈಗ ತಪ್ಪು ಹುಡುಕಲು ಯಂತ್ರ ಬಂದಿದೆ,
ಯಂತ್ರದ ತಪ್ಪು ಹುಡುಕಲು ಅಗ್ಗದ ಇನ್ನೊಂದು ಯಂತ್ರ.
ಶಾಲೆಯ ಮಿನಿಬಸ್ಸು ಓಡಿಸುತ್ತಾಳೆ.
ಎರಡನೆಯ ಸಾಲಿನ ಬೆಲ್ಟು
ಒಂದು ಕ್ಷಣ ತಡವಾಗಿ ಕಚ್ಚುತ್ತದೆಂದು
ಮೂರು ಪುಟದ ವರದಿ ಬರೆದುಕೊಟ್ಟಳಂತೆ.
ಯಾರೂ ಓದಲಿಲ್ಲ. ಬೆಲ್ಟನ್ನು ತಾನೇ ಸರಿಮಾಡಿದಳು.

ನಿನ್ನೆ ಆಲ್ವಿನ್ ಬಂದ, ಕೋಟು ಕಳಚದೆ ಕೂತ.
‘ಮುಚ್ಚಿಬಿಡೋಣ.’
ಮುಚ್ಚುವುದಕ್ಕೂ ಸಭೆ ನಡೆಯಬೇಕು, ನಡಾವಳಿ ಬೇಕು.
ಅವನು ಹೇಳಿದಂತೆ ಬರೆದೆ:
ಅಧ್ಯಕ್ಷತೆ: ಆಲ್ವಿನ್ ಥ್ರೆಲ್‌ಫಾಲ್.
ಹಾಜರಿ: ಆಲ್ವಿನ್ ಥ್ರೆಲ್‌ಫಾಲ್.
ಗೈರುಹಾಜರಿ: ಯಾರೂ ಇಲ್ಲ.
ಸೂಚಿಸಿದವರು: ಅವನೇ.
ಅನುಮೋದಿಸಿದವರು...

‘ವಿರೋಧ ಇದ್ದರೆ ಬರೆಯಬಹುದಾ?’ ಎಂದ.
ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬರೆಯಬಹುದು, ಅಂದೆ. ಪೆನ್ನು ಕಿತ್ತುಕೊಂಡು
ತನ್ನ ಕೈಯಾರೆ ಬರೆದ: ವಿರೋಧ, ಒಂದು.

ಅಷ್ಟರಲ್ಲಿ ಅವನ ಕೋಟಿನೊಳಗೆ ಫೋನು ಗುನುಗಿತು.
ಎದ್ದು ಮೆಟ್ಟಿಲ ಕಡೆ ಹೋದ,
‘ಹ್ಞೂ, ಸಿಗ್ತೀನಿ’ ಎಂದದ್ದಷ್ಟು ಕೇಳಿಸಿತು,
ಉಳಿದದ್ದನ್ನು ಕೆಳಗಿನ ಡ್ರಿಲ್ಲು ನುಂಗಿತು.

ಕಾಗದ ಇನ್ನೂ ಮೇಜಿನ ಮೇಲಿದೆ.
ಅವನು ಕುಡಿಯದೆ ಬಿಟ್ಟ ಚಹಾದಲ್ಲಿ
ಸಣ್ಣ ಸಣ್ಣ ಬಳೆಗಳು.