ಹದಿನಾರು ಪುಟ

ದುಧನಿಯ ವಾಚನಾಲಯದಲ್ಲಿ ಕನ್ನಡಕ್ಕೆ ಒಂದು ಕಪಾಟು.
ಉಳಿದ ಒಂಬತ್ತೂ ಮರಾಠಿ; ಅವಕ್ಕೆ ಗ್ರಾಂಟು ಬರುತ್ತದೆ, ಗಾಜು ಇದೆ.
ನಮ್ಮದಕ್ಕೆ ಬೀಗ. ಬೀಗದ ಕೈ
ಪಕ್ಕದ ನನ್ನ ಝೆರಾಕ್ಸ್ ಅಂಗಡಿಯ ಮೊಳೆಗೆ.

ಪುಸ್ತಕ ಬಂದದ್ದು ಬಂದ ಹಾಗೆ:
ಇಂಡಿಯ ಸೊಸೆಯ ಟ್ರಂಕಿನಲ್ಲಿ,
ಗಾಣಗಾಪುರದ ರದ್ದಿಯ ತಕ್ಕಡಿಯಲ್ಲಿ,
ಮುಚ್ಚಿದ ಶಾಲೆಯಿಂದ ಗೋಣಿಚೀಲದಲ್ಲಿ.
ಓದುವವರು ಹನ್ನೊಂದು ಜನ. ಮಳೆಗಾಲದಲ್ಲಿ ಹದಿಮೂರು.

ಯಾವುದು ಚಲೋ ಅಂತ ಕೇಳಬೇಕಾದರೆ
ಬೌರಮ್ಮನ ಗಿರಣಿಗೆ ಹೋಗಬೇಕು.
ಜೋಳದ ಡಬ್ಬಿ ಪಾಳಿಗಿಟ್ಟು ನಿಂತವರಿಗೆ
ಪಟ್ಟಾದ ಸದ್ದಿಗಿಂತ ಗಟ್ಟಿಯಾಗಿ ಹೇಳುತ್ತಾಳೆ
ಮೊದಲು, ನಡು, ಕೊನೆ.
ಕೊನೆ ಮಾತ್ರ ಸುಳ್ಳು.
"ಆಕಿ ಬಾವಿಗೆ ಬೀಳ್ತಾಳ" ಅಂದಳು ಒಮ್ಮೆ.
ರಾತ್ರಿಯೆಲ್ಲ ಕೂತು ಓದಿದೆ;
ಆಕೆ ಬಾವಿ ತೋಡಿಸುತ್ತಾಳೆ.
ಜಗಳಕ್ಕೆ ಹೋದರೆ
ಸೆರಗಿನ ಹಿಟ್ಟು ಕೊಡವುತ್ತ ನಕ್ಕಳು:
"ಖರೇ ಹೇಳಿದ್ದರ ಓದ್ತಿದ್ದಿ ಏನು?"

ಹಮಾಲ ಜಟ್ಟೆಪ್ಪನ ರೀತಿ ಬೇರೆ.
ಅಡತಿಯಲ್ಲಿ ತೊಗರಿ ಚೀಲ ಹೊತ್ತ ಕೈ
ಪುಸ್ತಕವನ್ನೂ ಹಾಗೇ ಎತ್ತಿ ನೋಡುತ್ತದೆ.
"ಇದರಾಗ ಹಸಿ ಭಾಳ" ಅಂದರೆ ಅಳು ಹೆಚ್ಚು.
"ಒಣಗೇದ, ಒಯ್ರಿ" ಅಂದರೆ
ಕಣ್ಣು ಮುಚ್ಚಿ ಒಯ್ಯಬಹುದು.

ಇಸಾಕ್ ಬಾಗವಾನ ಮಾತಾಡುವುದಿಲ್ಲ.
ಮೆಚ್ಚಿದ ಪುಟದಲ್ಲಿ ಸೀತಾಫಲದ ಬೀಜ ಇಡುತ್ತಾನೆ.
ಆತ ತಿರುಗಿ ಕೊಟ್ಟ ಪುಸ್ತಕ ಅಲ್ಲಾಡಿಸಿದರೆ
ಉದುರಿದ್ದೆಲ್ಲ ಅಭಿಪ್ರಾಯ.

ಹತ್ತೂರೆ ಮಾಸ್ತರರದು ಕೆಂಪು ಪೆನ್ನು.
ಅಚ್ಚಿನ ತಪ್ಪು ತಿದ್ದುತ್ತ ಹೋಗಿ ಕೊನೆಗೆ ಅಂಕ:
ನೂರಕ್ಕೆ ಐವತ್ತೆರಡು.
ಐವತ್ತೈದು ದಾಟಿದ್ದನ್ನು ನಾನು ಕಂಡಿಲ್ಲ.

ಎಲ್ಲರೂ ಎಲ್ಲರಿಗೂ ಓದು ಅನ್ನುವುದು ಒಂದೇ ಪುಸ್ತಕ.
ರಟ್ಟು ಹೋಗಿದೆ, ಹೆಸರು ಹೋಗಿದೆ,
ಕೊನೆಯ ಹದಿನಾರು ಪುಟ, ಇಡೀ ಒಂದು ಫಾರ್ಮು, ಹೋಗಿದೆ.
"ಅವನು ಅಗಸಿ ದಾಟಿ ಒಳಗೆ"
ಅಲ್ಲಿಗೆ ನಿಂತಿದೆ ವಾಕ್ಯ.
ಬಂದನೋ, ಇಣುಕಿದನೋ, ಕಲ್ಲೆಸೆದನೋ,
ಇಪ್ಪತ್ತು ವರ್ಷದಿಂದ ಇದೇ ವಾದ.
ಈ ವಾದದಲ್ಲಿ ಮಾತು ಬಿಟ್ಟವರಿದ್ದಾರೆ,
ಬೀಗರಾದವರೂ ಇದ್ದಾರೆ.
ಇದೊಂದರ ಕೊನೆಯನ್ನು ಮಾತ್ರ ಬೌರಮ್ಮ ಹೇಳುವುದಿಲ್ಲ.
"ಸುಳ್ಳಿಗೂ ಎದುರಿಗೆ ಒಂದು ಖರೇ ಬೇಕೋ ತಮ್ಮಾ."

ಹೋದ ದೀಪಾವಳಿಗೆ
ಜಟ್ಟೆಪ್ಪನ ಅಕ್ಕನ ಮಗಳು ಅಫಜಲಪುರದಿಂದ
ಇಡೀ ಪ್ರತಿ ತಂದಳು, ರಟ್ಟು ಸಮೇತ.
ಸಂಜೆಯ ಬಸ್ಸಿಗೆ ವಾಪಸು ಒಯ್ಯಬೇಕು.
ಹದಿನಾರು ಪುಟ ನನ್ನ ಗಾಜಿನ ಮೇಲೆ ಬೋರಲಾದವು,
ಬೆಳಕು ಅಡಿಯಿಂದ ಹಾದುಹೋಯಿತು.
ಹಾಳೆ ಬಿಸಿಯಿರುವಾಗಲೇ ಗಿರಣಿಗೆ ಒಯ್ದರು.
ಕರೆಂಟು ಇದ್ದೂ ಗಿರಣಿ ನಿಂತಿತು ಅವತ್ತು, ನಡುಹಗಲು.
ಮಾಸ್ತರರು ಗಟ್ಟಿಯಾಗಿ ಓದಿದರಂತೆ.
ನನ್ನಲ್ಲಿ ಜಾತಿ ಸರ್ಟಿಫಿಕೇಟಿನ ಪಾಳಿ, ಹೋಗಲಾಗಲಿಲ್ಲ.

ತಿರುಗಿ ಬಂದವರು ತುಸು ಹೊತ್ತು ಸುಮ್ಮನಿದ್ದರು.
ಇಸಾಕ್‌ನ ಕಿಸೆಯಿಂದ ಬೀಜ ಬರಲಿಲ್ಲ.
ಮಾಸ್ತರರು ಪೆನ್ನಿನ ಟೋಪಿ ತೆಗೆದು, ಮತ್ತೆ ಹಾಕಿದರು.
ಜಟ್ಟೆಪ್ಪ ಅಂಗೈಯಲ್ಲಿ ತೂಗಿ
"ಎಂಟು ಹಾಳಿ, ಅಷ್ಟ" ಅಂದ.
ಬೌರಮ್ಮ ಡಬ್ಬಿಯ ಮುಚ್ಚಳ ಒತ್ತುತ್ತ:
"ಇದಕ್ಕಿಂತ ನನ್ನ ಬಾವೀನೇ ಚಲೋ ಇತ್ತು."

ಹಾಳೆ ನನ್ನ ಗಲ್ಲೆಯ ಖಾನೆಯಲ್ಲಿದೆ.
ಪುಸ್ತಕಕ್ಕೆ ಹೊಲಿ ಅಂತ ಯಾರೂ ಹೇಳಿಲ್ಲ.
ಮೊನ್ನೆ ನಾಗಣಸೂರಿನ ಹುಡುಗಿಯೊಬ್ಬಳು ಬಂದು
ಏನು ಓದಲಿ ಅಂದಳು.
ಹರಕ ಪ್ರತಿಯನ್ನೇ ಕೊಟ್ಟೆ.
ನಾಲ್ಕನೇ ದಿನಕ್ಕೆ ಓಡಿ ಬಂದಳು:
"ಆಮ್ಯಾಗ ಏನಾಗ್ತದ?"
ಗಿರಣಿಗೆ ಹೋಗಿ ಕೇಳು ಅಂದೆ.

ಖಾನೆಯನ್ನು ನಾನೂ ತೆರೆದಿಲ್ಲ.
ಝೆರಾಕ್ಸ್ ಮಾಡುವಾಗ ಕಂಡದ್ದು ಒಂದೇ ಶಬ್ದ,
ಕಟ್ಟಕಡೆಯದು, ತಲೆಕೆಳಗಾಗಿ:
"ಕೇಳಿದಳು."
ಯಾರನ್ನು, ಏನು ಅಂತ ಗೊತ್ತಿಲ್ಲ.
ಮನೆಯಲ್ಲಿ ಹಿಟ್ಟು ಇನ್ನೂ ವಾರಕ್ಕಾಗುವಷ್ಟಿದೆ.
ಆದರೂ ನಾಳೆ
ಜೋಳದ ಡಬ್ಬಿ ಹಿಡಿದು ಹೋಗಿ ನಿಲ್ಲುತ್ತೇನೆ.