ಕೊನೆಯ ಗುಡಿಸು

ಟ್ರಾಬ್ಜಾನಿನ ಬಸ್ ನಿಲ್ದಾಣದಲ್ಲಿ ಒಬ್ಬ
ಅಂಗಿಯ ಗುಂಡಿ ಬಿಚ್ಚಿಕೊಂಡು ಕೂಗುತ್ತಿದ್ದ:
ಬತೂಮ್! ಬತೂಮ್! ಬತೂಮ್!
ಎರಡೇ ಸೀಟು, ಹತ್ತಿ ಹತ್ತಿ.
ನನ್ನೂರಿನ ಕೊನೆಯ ಗುಡಿಸನ್ನು
ಸೂರ್ಯಕಾಂತಿ ಬೀಜದ ಸಿಪ್ಪೆಯಂತೆ ಉಗಿದಿದ್ದ.

ಬತೂಮಿ, ಅಂದೆ. ಮೆಲ್ಲಗೆ.
ಅವನಿಗೆ ಕೇಳಿಸಲೆಂದಲ್ಲ.

ನಾವು ಬಂದದ್ದು ಸುಮ್ಮನೆ ಸುತ್ತಾಡಲು.
ಹಲ್ವಾರ್ಡನ ಮೊಣಕಾಲಿಗೆ ಒಂದಿಷ್ಟು ಬಿಸಿಲು ಬೇಕಿತ್ತು,
ನನಗೆ, ಕಾಲಿಟ್ಟರೆ ಕಚ್ಚದ ಕಡಲು.
ನಕಾಶೆಯ ಮೇಲೆ ಬೆರಳಿಟ್ಟವನು ಅವನೇ.
ಅಲ್ಲಿಂದ ಗಡಿಗೆ ಮೂರೇ ಗಂಟೆಯ ದಾರಿ ಎಂದು
ಅವನಿಗೆ ಗೊತ್ತಿತ್ತೋ ಇಲ್ಲವೋ,
ನಾನು ಕೇಳಲಿಲ್ಲ.
ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ
ಕೆಲವು ಪ್ರಶ್ನೆಗಳನ್ನು ಉಪ್ಪಿನಕಾಯಿ ಹಾಕಿಡುತ್ತೇವೆ.

ಹೋಟೆಲಿನ ಹುಡುಗಿ ಕೇಳಿದಳು: ಯಾವೂರು?
ಬೂಡೊ, ಅಂದ ಇವನು,
ಜೇಬಿನಿಂದ ಚಿಲ್ಲರೆ ತೆಗೆದಷ್ಟು ಸಲೀಸಾಗಿ.
ನೀವು?
ನಾನು ಬಾಯಿ ತೆರೆದೆ.
ಎರಡು ಊರುಗಳು ಒಟ್ಟಿಗೇ ಎದ್ದು ಬಂದು
ನೀನು ಮೊದಲು, ಇಲ್ಲ ನೀನು ಮೊದಲು ಎನ್ನುತ್ತ
ಹೊಸಿಲಲ್ಲೇ ನಿಂತುಬಿಟ್ಟವು.
ಇವರ ಜೊತೆ, ಅಂದೆ.
ಅವಳು ಅದನ್ನೇ ಏನೋ ಬರೆದುಕೊಂಡಳು.

ರಾತ್ರಿ ಫೋನಿನಲ್ಲಿ ಹವಾಮಾನ ನೋಡಿದೆ.
ಬೂಡೋದಲ್ಲಿ ಏಳು ಡಿಗ್ರಿ, ಪಡುವಣ ಗಾಳಿ:
ಹೊರಗೇ ಮರೆತು ಬಂದ ಜೆರೇನಿಯಂ ಕುಂಡ
ಇಷ್ಟೊತ್ತಿಗೆ ಉರುಳಿರಬೇಕು,
ಪಕ್ಕದ ಮನೆಯ ಗುನ್ವೋರ್ ಕಣ್ಣಿಗೆ ಬಿತ್ತೋ ಏನೋ.
ಬತೂಮಿಯಲ್ಲಿ ಮಳೆ. ಅಲ್ಲಿ ಯಾವಾಗಲೂ ಮಳೆ.
ಅಂಗಳದ ಒಂದೇ ತಂತಿಗೆ ಮೂರು ಮನೆಗಳ ಬಟ್ಟೆ,
ಯಾರದೋ ಕೂಗು, ಮೆಟ್ಟಿಲಿಳಿವ ಚಪ್ಪಲಿಯ ಪಟಪಟ,
ತಂಗಿ ನಾನೆಲಿಯ ಎದೆಗೊತ್ತಿದ ಒದ್ದೆ ದಿಂಬುಚೀಲಗಳು.
ನಾನು ಮಲಗಿದ್ದ ಊರಿನಲ್ಲಿ ಏನಾಗುತ್ತಿತ್ತೋ,
ಪರದೆ ಸರಿಸಿ ನೋಡಲಿಲ್ಲ.

ಬೂಡೋದಲ್ಲಿ ನಾನು ಕೊತ್ತಂಬರಿಗಾಗಿ ಜಗಳ ಕಾಯುವವಳು.
ಸೂರ್ಯನೇ ಇಲ್ಲದ ಡಿಸೆಂಬರಿನಲ್ಲಿ
ದೀಪದಡಿ ಬೆಳೆಸುತ್ತೇನೆ, ಬಡಕಲು ಸೊಪ್ಪು.
ಬತೂಮಿಗೆ ಹೋದರೆ ಮೂರನೇ ದಿನಕ್ಕೇ ಗೊಣಗಾಟ:
ಇವರೇಕೆ ಇಷ್ಟು ಗಟ್ಟಿಯಾಗಿ ಮಾತಾಡುತ್ತಾರೆ,
ಸರದಿಯಲ್ಲಿ ನಿಂತರೆ ಏನು ಗಂಟು ಹೋಗುತ್ತದೆ,
ಒಂದು ಚೂರು ಕಂದು ಚೀಸ್ ಸಿಕ್ಕಿದ್ದರೆ.
ಬಂದಳಪ್ಪ ನಾರ್ವೆಯ ದೊರೆಸಾನಿ ಎಂದು ನಾನೆಲಿ ನಗುತ್ತಾಳೆ.
ನಗುತ್ತಲೇ ಚಹಾದ ಲೋಟ
ಬೇಕಾದದ್ದಕ್ಕಿಂತ ತುಸು ಜೋರಾಗಿ ಇಡುತ್ತಾಳೆ.

ಬೆಳಿಗ್ಗೆ ಗುಡ್ಡದ ಮೇಲಿನ ಚಹಾದ ತೋಪಿನಲ್ಲಿ
ಹಲ್ವಾರ್ಡ್ ಸಕ್ಕರೆ ಕಲಕುತ್ತ, ಕಡಲು ನೋಡುತ್ತ, ಕೇಳಿದ:
ಹೋಗಿ ಬರೋಣವಾ?
ಬರೀ ಹೋಗುವುದಾಗಿದ್ದರೆ ಹೋಗಬಹುದಿತ್ತು,
ಅಥವಾ ಬರೀ ಬರುವುದು.
ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಅಂದುಬಿಟ್ಟ.
ಅವನ ಪಾಲಿಗೆ ಅದು ಒಂದೇ ಪದ.

ಆದರೂ ನಿಲ್ದಾಣಕ್ಕೆ ಬಂದೆವು.
ಟಿಕೆಟಿಗಲ್ಲ, ನೋಡೋಣವೆಂದು.
ಅವನು ತಿನ್ನಲು ಏನೋ ತರುತ್ತೇನೆಂದು ಹೋದ.
ನಾನು ಆ ವ್ಯಾನಿನೆದುರು ನಿಂತೆ.
ಒಳಗೊಬ್ಬಳು ಹೆಂಗಸು, ಮಡಿಲಲ್ಲಿ ಹೊಸ ಪ್ರೆಷರ್ ಕುಕ್ಕರ್,
ನನ್ನ ಭಾಷೆಯಲ್ಲಿ ಫೋನಿಗೆ ಬೈಯುತ್ತಿದ್ದಳು.
ಎಷ್ಟು ಚೆಂದದ ಬೈಗುಳ!
ಇನ್ನೊಂದೇ ಸೀಟು, ಅಂದ ಕೂಗುವವನು,
ನನ್ನ ಕಡೆ ನೋಡಿ.
ಬತೂಮ್! ಬತೂಮ್!

ಆಗ ಜನರಾಚೆಯಿಂದ:
ಎತೇರ್!

ಇಪ್ಪತ್ತೆರಡು ವರ್ಷ ಹೇಳಿಕೊಟ್ಟಿದ್ದೇನೆ,
ಎತೇರಿ, ರಿ, ರಿ ಎಂದು.
ಅವನ ನಾಲಿಗೆ ಆ ಗುಡಿಸನ್ನು ಹತ್ತುವುದೇ ಇಲ್ಲ.
ಅಮ್ಮನೂ ಹಾಗೇ ಕೂಗುತ್ತಿದ್ದಳಲ್ಲ,
ಕತ್ತಲಾದ ಮೇಲೆ ಬಾಲ್ಕನಿಯಿಂದ, ಎತೇರ್!
ನಮ್ಮ ಭಾಷೆಯೇ ಹಾಗೆ:
ಹೆಸರು ಹೇಳುವಾಗ ಇರುವ ಇಕಾರ
ಕರೆಯುವಾಗ ತಾನೇ ಉದುರುತ್ತದೆ.
ಹಲ್ವಾರ್ಡನಿಗೆ ಈ ವ್ಯಾಕರಣ ಗೊತ್ತಿಲ್ಲ.
ಆ ಕೂಗುವವನಿಗೂ.

ಒಬ್ಬ ಊರನ್ನು ಕರೆಯುತ್ತಿದ್ದ,
ಒಬ್ಬ ನನ್ನನ್ನು.
ಎರಡಕ್ಕೂ ನಾನು ಓ ಎನ್ನಬೇಕಿತ್ತು.

ಅವನು ಕುಂಟುತ್ತ ಬಂದ,
ಕೈಯಲ್ಲಿ ಎಳ್ಳು ಮೆತ್ತಿದ ಎರಡು ಬಳೆರೊಟ್ಟಿ.
ಒಂದನ್ನು ಆಗಲೇ ಕಚ್ಚಿದ್ದ.