ಹಿಂದಕ್ಕೆ ಬಾಗುವುದು

ಮೂವತ್ತೊಂದು ವರ್ಷ ಕಾವಲಿಯ ಮುಂದೆ ನಿಂತವನು ನಾನು.
ಹಿಡಿಸೂಡಿಯಲ್ಲಿ ನೀರು ಚಿಮುಕಿಸಿ, ಗುಡಿಸಿ,
ಹಿಟ್ಟಿನ ಬಟ್ಟಲು ತಿರುಗಿಸುವುದು, ಒಳಗಿನಿಂದ ಹೊರಕ್ಕೆ,
ಮತ್ತೆ ಒಳಗಿನಿಂದ ಹೊರಕ್ಕೆ.
ಮುಲುಂಡ್ ಪೂರ್ವದ ಅರ್ಧ ಜನ
ನನ್ನ ಬಲಭುಜದ ಋಣದಲ್ಲಿದ್ದಾರೆ,
ಅವರಿಗೆ ಗೊತ್ತಿಲ್ಲ, ಅಷ್ಟೆ.

ನಾನು ತಿಂದದ್ದೇನು ಎಂದರೆ,
ಹನ್ನೊಂದಕ್ಕೆ, ಗಿರಾಕಿಗೆ ಕೊಡಲಾಗದ ಹರಿದ ದೋಸೆ.
ನಾಲ್ಕಕ್ಕೆ ಅನ್ನ, ನಿಂತೇ, ಗೋಡೆಗೆ ಒರಗಿ.
ರಾತ್ರಿ ಹನ್ನೆರಡಕ್ಕೆ ಪಾತ್ರೆಯ ತಳದಲ್ಲಿ ಉಳಿದದ್ದು.
ನಡುವೆ ಕಟಿಂಗ್ ಚಹಾ, ಎಂಟೋ ಹತ್ತೋ,
ಸಕ್ಕರೆ ಎಷ್ಟೆಂದು ಯಾರೂ ಕೇಳಿರಲಿಲ್ಲ.
ಡಾಕ್ಟರ್ ಕೇಳಿದ. ಚೀಟಿಯಲ್ಲಿ ಬರೆದ: ಇನ್ನೂರ ಎಂಬತ್ತು.
"ನಮ್ಮ ಚೀಸ್ ಮೈಸೂರಿಗೂ ಅಷ್ಟು ರೇಟಿಲ್ಲವಲ್ಲ" ಎಂದೆ.
ಅವನು ನಗಲಿಲ್ಲ. ಗುಲಾಬಿಯೂ.

ಸೇಠ್‌ನನ್ನು ಕಾಡಿ ಬೇಡಿ ಎಂಟರ ಪಾಳಿ ಹಿಡಿದದ್ದು ಅವಳೇ.
ಹಳೆ ಬೆಡ್‌ಶೀಟು ಮಡಚಿ ನನ್ನ ಕಂಕುಳಿಗೆ ತುರುಕಿ
ಟೆರೇಸಿಗೆ ಹತ್ತಿಸಿದ್ದೂ ಅವಳೇ.
ಅಲ್ಲಿ ನೀರಿನ ಟಾಂಕಿಗಳ ನಡುವೆ ಹನ್ನೊಂದು ಜನ,
ಯಾರೋ ಮರೆತ ಹಪ್ಪಳದ ಸೀರೆ, ಪಾರಿವಾಳದ ಹಿಕ್ಕೆ,
ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ವೃಂದಾತಾಯಿ ಪಾಳಂದೆ.

"ಇಡೀ ದಿನ ಬಗ್ಗಿ ಏಳುವವನಿಗೆ
ಇನ್ಯಾವ ಯೋಗ ತಾಯಿ?" ಎಂದೆ, ತುಸು ಜಂಬದಲ್ಲೇ.
"ಕೆಲಸ ನಿಮ್ಮನ್ನು ಮುಂದಕ್ಕೆ ಬಗ್ಗಿಸಿದೆ.
ಹಿಂದಕ್ಕೆ ಬಾಗಿಸುವವರು ಯಾರು?"
ಅವರು ಹೇಳಿದ್ದು ಮರಾಠಿಯಲ್ಲಿ,
ನನಗೆ ತಿಳಿದದ್ದು ಹಿಂದಿಯಲ್ಲಿ,
ಬೋರಲು ಮಲಗಿ ಎದೆ ಎತ್ತಿದಾಗ ಬೆನ್ನು
ಕೂಗಿದ್ದು ಮಾತ್ರ ತುಳುವಿನಲ್ಲಿ: ಅಪ್ಪೇ!

ಕತ್ತು ಮೇಲಾಯಿತು.
ಮೂವತ್ತೊಂದು ವರ್ಷ ನನ್ನ ತಲೆಯ ಮೇಲಿದ್ದದ್ದು
ಜಿಡ್ಡು ಹಿಡಿದ ಚಿಮಣಿಯ ಬಾಯಿ.
ಇಲ್ಲಿ ಏನೂ ಇರಲಿಲ್ಲ.
ಪೂರ್ವಕ್ಕೆ ಉಪ್ಪಿನ ಆಗರಗಳು ಬೆಳ್ಳಗಾಗುತ್ತಿದ್ದವು.
ಐದು ಐವತ್ತೆರಡರ ಸ್ಲೋ ಬರುವಾಗ ಉಸಿರು ಒಳಗೆ,
ಠಾಣೆ ಕಡೆ ಹೋಗಿ ಸದ್ದು ಅಡಗುವವರೆಗೆ ಹೊರಗೆ.
ಶವಾಸನದಲ್ಲಿ ನಾನು ಗೊರಕೆ ಹೊಡೆದೆನಂತೆ.
ಕಿರಾಣಿ ಅಂಗಡಿಯ ಗಾಲಾ ಭಾಯಿ ಇವತ್ತಿಗೂ
ಬೇಳೆ ತೂಗುತ್ತ ಅದನ್ನೇ ಹೇಳುತ್ತಾನೆ.

ಮನೆಯಲ್ಲಿ ಗುಲಾಬಿ ಪೇಂಟಿನ ಡಬ್ಬಿಯಲ್ಲಿ ತಿಮರೆ ಬೆಳೆದಳು,
ಅದರ ಚಟ್ನಿ, ಕುಚ್ಚಲಕ್ಕಿ ಗಂಜಿ ಅಳತೆಯ ಸೌಟಿನಲ್ಲಿ,
ಹುರುಳಿ ಸಾರು, ಪಕ್ಕದ ಮನೆಯವರು ಕಲಿಸಿದ ನಾಚಣಿ ಭಾಕರಿ.
ಚಿಕ್ಕಂದಿನಲ್ಲಿ ಇದನ್ನೇ ಕೊಟ್ಟಾಗ
ತೋಡು ಹಾರಿ ಓಡಿದ್ದವನು ನಾನು.
ಈಗ ಓಡುವಂತಿಲ್ಲ. "ಕೂತುಕೊಳ್ಳಿ" ಎನ್ನುತ್ತಾಳೆ.

ನಿಜ ಹೇಳಲಾ, ಎಲ್ಲಕ್ಕಿಂತ ಕಷ್ಟದ ಆಸನ
ಊಟಕ್ಕೆ ಕೂರುವುದು.
ಎರಡು ತುತ್ತಿಗೇ ಕಾಲು ತಾನಾಗಿ ಏಳುತ್ತದೆ,
ಎಲ್ಲೋ ಏನೋ ಸೀಯುತ್ತಿದೆ ಎಂದು ಮೂಗು ಹೇಳುತ್ತದೆ.
ಏನೂ ಸೀಯುತ್ತಿರುವುದಿಲ್ಲ.
ಎದುರಿಗೆ ಅವಳು, ಅವಳದೂ ಒಂದು ತಟ್ಟೆ.
ಅವಳು ಉಪ್ಪಿನಕಾಯಿಯ ಹೋಳನ್ನು ಕೊನೆಗೆಂದು ಬದಿಗಿಡುತ್ತಾಳೆ.
ಮದುವೆಯಾಗಿ ಇಪ್ಪತ್ತಾರು ವರ್ಷ,
ನನಗಿದು ಗೊತ್ತಿರಲಿಲ್ಲ.

ಮೊನ್ನೆ ನೋಡಿಸಿದಾಗ ನೂರ ಅರವತ್ತೆರಡು.
ಡಾಕ್ಟರ್ ಇನ್ನೂ ನಗುವುದಿಲ್ಲ.
ಎಡಭುಜ ಮಾತ್ರ ಹೊಸ ಗಿರಾಕಿಯ ಹಾಗೆ
ಏನು ಕೇಳಲಿ ಎಂದು ಗೊತ್ತಾಗದೆ ನಿಂತಿರುತ್ತದೆ.

ಅದಕ್ಕೇ ನಿನ್ನೆ, ಹನ್ನೊಂದಕ್ಕೆ, ಜನ ಇಳಿದ ಮೇಲೆ
ಬಟ್ಟಲನ್ನು ಎಡಗೈಗೆ ಕೊಟ್ಟೆ.
ದೋಸೆ ಸೊಟ್ಟಗೆ ಹರಡಿ
ಮುಂಬಯಿಯ ನಕ್ಷೆಯಂತೆ ದಕ್ಷಿಣಕ್ಕೆ ಬಾಲ ಬಿಟ್ಟಿತು.
ಹುಡುಗ ಮಹತೋ ಬಾಯಿ ಮುಚ್ಚಿ ನಕ್ಕ.
ಅವನಿಗೊಂದು ಡಬ್ಬ ಎಳೆದುಕೊಟ್ಟು,
ನಾನೊಂದು ಡಬ್ಬ ಬೋರಲು ಹಾಕಿ ಕೂತು,
ಅರ್ಧ ಅವನಿಗೆ, ಅರ್ಧ ನನಗೆ, ಬಿಸಿ ಇರುವಾಗಲೇ.
ಗಲ್ಲೆಯಿಂದ ಸೇಠ್ ಗಡಿಯಾರ ನೋಡಿದ.
ನಾನು ಅಗಿಯುತ್ತಿದ್ದೆ.